ವಿಮಾನಗಳಿಲ್ಲದ ಬೇಸಿಗೆಯಲ್ಲಿ ಹೋದವರು

ಕಳೆದ ಗುರುವಾರ ಸಂಜೆ ಹೂ ತರಲು ಕುವೈತಿನ ಫರ್ವಾನಿಯಾಕ್ಕೆ ಹೋಗಿದ್ದೆ. ಊರಿನಿಂದ ವಿಮಾನದಲ್ಲಿ ಬರುವ ಮಲ್ಲಿಗೆ ಅಲ್ಲಿಯ ಒಂದು ಅಂಗಡಿಯಲ್ಲಿ ತಾಜಾ ಸಿಗುತ್ತದೆ. ಕಾರು ನಿಲ್ಲಿಸಿದ್ದ ಜಾಗಕ್ಕೆ ಮರಳಲು ನಾವು ಹಿಂದೆ ಬಾಡಿಗೆಗಿದ್ದ ಕಟ್ಟಡದ ಮುಂದಿನಿಂದಲೇ ಹೋಗಬೇಕು. ಕಟ್ಟಡ ನೋಡಿಕೊಳ್ಳುವವನು ಮೆಟ್ಟಿಲು ತೊಳೆಯುತ್ತಿದ್ದ. ಬಕೆಟ್ಟಿನಿಂದ ಎದ್ದ ಡೆಟಾಲ್ ವಾಸನೆ ಬಾಗಿಲು ದಾಟಿ ರಸ್ತೆಗೆ ಬಂತು. ಅಷ್ಟೇ, ನಾನು ನಿಂತುಬಿಟ್ಟೆ. ಅವನು ತಲೆಯೆತ್ತಿ ಯಾರು ಬೇಕೆಂದು ಹಿಂದಿಯಲ್ಲಿ ಕೇಳಿದ. ಹೊಸಬ, ನನ್ನ ಗುರುತಿಲ್ಲ. ಯಾರೂ ಇಲ್ಲ ಎಂದೆ.

ಸುಳ್ಳೇನೂ ಅಲ್ಲ. ಮೂರನೆಯ ಮಹಡಿಯಲ್ಲಿ ಐರಿನ್ ಬಾಯಿಯ ಮನೆಯಿತ್ತು, ಅದರ ಕೆಳಗೆ ನಮ್ಮದು. ಈಗ ಎರಡರಲ್ಲೂ ಬೇರೆ ದೇಶದವರಿದ್ದಾರೆ. ನಾವು ಸಾಲ್ಮಿಯಾಕ್ಕೆ ಹೋಗಿ ವರ್ಷಗಳಾದವು. ಅಲ್ಲಿಗೆ ಹೋದ ಮೇಲೆ ಈ ಬೀದಿಗೆ ಬರುವುದನ್ನು ನಾನು ಆದಷ್ಟು ತಪ್ಪಿಸುತ್ತ ಬಂದವಳು. ದುಃಖ ಉಕ್ಕಿ ಬರುತ್ತದೆ ಎಂದಲ್ಲ. ಬರುವುದಿಲ್ಲ ಎಂಬುದೇ ತೊಂದರೆ. ಆ ಬೇಸಿಗೆಯಲ್ಲಿ ನನ್ನೊಳಗೆ ಏನೋ ಮರಗಟ್ಟಿತು. ಹಲ್ಲು ಕೀಳುವ ಮೊದಲು ಚುಚ್ಚಿದ ಔಷಧ ಇಳಿಯದೆ ಅಲ್ಲಿಯೇ ಉಳಿದ ಹಾಗೆ.

ನಮ್ಮದು ಅಕ್ಕ-ತಂಗಿ ಕೂಟ. ಹಾಗೆಂದು ಹೆಸರಿಟ್ಟವಳು ಐರಿನ್ ಬಾಯಿ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತ ಹೆಂಗಸು, ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ನಾನು ಮದುವೆಯಾಗಿ ಕುವೈತಿಗೆ ಬಂದ ಹೊಸದರಲ್ಲಿ ಒಮ್ಮೆ ಲಿಫ್ಟಿನಲ್ಲಿ ಅಳುತ್ತಿದ್ದುದನ್ನು ನೋಡಿ ಅವಳು ಏನನ್ನೂ ಕೇಳದೆ ತನ್ನ ಮನೆಗೆ ಕರೆದೊಯ್ದಳು. ಗಂಜಿ ಬಡಿಸಿದಳು. "ಮುಂದಿನ ಶುಕ್ರವಾರ ಕೂಡ ಬಾ. ಅಳ್ಲಿಕ್ಕೆ ಲಿಫ್ಟ್ ಬೇಡ, ಇಲ್ಲಿ ಜಾಗ ಉಂಟು" ಎಂದಳು. ಹಾಗೆ ಶುರುವಾದದ್ದು. ಬರಬರುತ್ತ ಅವಳ ಹಾಲಿನಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆ ಎಲ್ಲವೂ ಒಟ್ಟಿಗೆ ಕೇಳತೊಡಗಿದವು. ಯಾರಿಗೂ ಅರ್ಥವಾಗದಿದ್ದಾಗ ಕನ್ನಡ. ಸದಸ್ಯತ್ವ ಎಂದೇನೂ ಇರಲಿಲ್ಲ. ಬಂದವರು ಅಕ್ಕನೋ ತಂಗಿಯೋ ಆಗುತ್ತಿದ್ದರು, ಅಷ್ಟೇ. ಗಂಡಸರು ನಮ್ಮನ್ನು ಲೇಡೀಸ್ ಪಾರ್ಲಿಮೆಂಟ್ ಎಂದು ಹಾಸ್ಯ ಮಾಡುತ್ತಿದ್ದರು. ಐರಿನ್ ಬಾಯಿಯ ಗಂಡ ಫ್ರೆಡ್ಡಿ ಮಾತ್ರ ಇಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆಯೇ ಕುರ್ಚಿಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಇಗರ್ಜಿಗೆಂದು ಹೊರಟುಹೋಗುತ್ತಿದ್ದರು. ಸಂಜೆಯವರೆಗೆ ತಿರುಗಿ ಬರುತ್ತಿರಲಿಲ್ಲ.

ವಾರಿಜಕ್ಕ ಬರುತ್ತಿದ್ದುದು ಸಲ್ವಾದಿಂದ, ಬಸ್ಸಿನಲ್ಲಿ. ಮುಲ್ಕಿ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗಳು ಅಶ್ವಿನಿಯನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಂದು, ಒಂದು ಅರಬ್ಬಿ ಮನೆಯಲ್ಲಿ ಕೆಲಸಕ್ಕಿದ್ದಳು. ಬಂದವಳೇ ಕೈಕಾಲು ತೊಳೆದು, ಎ.ಸಿ. ಗಾಳಿ ತಾಗದ ಮೂಲೆ ಹುಡುಕಿ, ತಲೆಯವರೆಗೆ ಹೊದ್ದು ಮಲಗುತ್ತಿದ್ದಳು. ಹಗಲು ಹೊತ್ತಿನಲ್ಲಿ ಬೆನ್ನು ನೆಲಕ್ಕೆ ತಾಗುವುದು ಅವಳಿಗೆ ವಾರಕ್ಕೆ ಆ ಒಂದೇ ದಿನ. ನಾವು ದನಿ ತಗ್ಗಿಸಿ ಮಾತಾಡುತ್ತಿದ್ದೆವು. ಹೊಸದಾಗಿ ಬಂದ ಯಾರಾದರೂ ಜೋರಾಗಿ ನಕ್ಕರೆ ಐರಿನ್ ಬಾಯಿ ತುಟಿಯ ಮೇಲೆ ಬೆರಳಿಡುವಳು. ಎದ್ದ ಮೇಲೆ ವಾರಿಜಕ್ಕ ಬೇರೆಯೇ ಹೆಂಗಸು. ಅಡಿಗೆಮನೆಗೆ ನುಗ್ಗಿ ನಮ್ಮನ್ನೆಲ್ಲ ಹೊರಗಟ್ಟುತ್ತಿದ್ದಳು. ತನ್ನ ಮೇಡಮ್ಮಿನ ನಡಿಗೆಯನ್ನು ಅನುಕರಿಸಿ ತೋರಿಸುತ್ತಿದ್ದಳು. ಝುಬೈದಾ ನಕ್ಕು ನಕ್ಕು ಕೆಮ್ಮುತ್ತಿದ್ದಳು. ಝುಬೈದಾ ನಮ್ಮ ಹಿಂದಿನ ಬೀದಿಯವಳು, ಉಳ್ಳಾಲದ ಬ್ಯಾರ್ತಿ, ಮುಸ್ಲಿಂ ಹೆಂಗಸು. ಅವಳ ಗಂಡ ಹಮೀದ್ ಭಾಯಿಗೆ ಕುಡಿಯುವ ನೀರು ಹಂಚುವ ಗಾಡಿಯ ಕೆಲಸ.

ಕಾಯಿಲೆ ಬಂದ ವರ್ಷ ಮೊದಲು ವಿಮಾನ ನಿಂತಿತು. ಏರ್‌ಪೋರ್ಟ್ ನಮಗೆ ಹತ್ತಿರ. ತಲೆಯ ಮೇಲೆ ಹಾರುವ ಸದ್ದು ನಮ್ಮ ಕಿವಿಗೆ ಗಡಿಯಾರದ ಹಾಗೆ ಒಗ್ಗಿಹೋಗಿತ್ತು. ಅದು ನಿಂತ ಮೇಲೆ ಬೇಗ ನಿದ್ದೆಯೇ ಬರುತ್ತಿರಲಿಲ್ಲ. ಆಮೇಲೆ ಕರ್ಫ್ಯೂ. ಆಮೇಲೆ ಫರ್ವಾನಿಯಾದ ಸುತ್ತ ಬೇಲಿ ಹಾಕಿ ಪೊಲೀಸರು ನಿಂತರು. ಬಿಸಿಲು ಏರುತ್ತಿತ್ತು. ಕಿಟಕಿಯಿಂದ ಕಾಣುವ ರಸ್ತೆಯಲ್ಲಿ ಬೆಕ್ಕುಗಳು ಮಾತ್ರ. ಧೂಳಿನ ಗಾಳಿ ಬಂದ ದಿನ ಅವೂ ಇಲ್ಲ. ನನ್ನ ಗಂಡ ಕಂಪನಿಯ ಕೆಲಸಕ್ಕೆಂದು ಅಹ್ಮದಿಗೆ ಹೋದವರು ಅಲ್ಲಿನ ಕ್ಯಾಂಪಿನಲ್ಲೇ ಉಳಿಯಬೇಕಾಯಿತು. ಮಗಳು ನೇಹಾ ಕೋಣೆಯೊಳಗೆ ಆನ್‌ಲೈನ್ ಕ್ಲಾಸ್, ನಾನು ಊಟದ ಮೇಜಿನ ಮೇಲೆ ಆಫೀಸಿನ ಸಂಬಳದ ಲೆಕ್ಕ.

ವಾರಿಜಕ್ಕನನ್ನು ಮೇಡಂ ಹೊರಗೆ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಶುಕ್ರವಾರ ಕೂಟ ಫೋನಿನಲ್ಲೇ ನಡೆಯುತ್ತಿತ್ತು, ಎಲ್ಲರೂ ಧ್ವನಿ ಸಂದೇಶ ಕಳಿಸುತ್ತಿದ್ದರು. ಐರಿನ್ ಬಾಯಿಯದು ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂತು. ಅವಳನ್ನು ಕಾಯಿಲೆಯವರ ವಾರ್ಡಿಗೆ ಹಾಕಿದ್ದರು. ಮನೆಗೆ ಬಂದರೂ ಒಂದು ಕೋಣೆಯಲ್ಲಿ ತಾನೊಬ್ಬಳೇ ಇರುತ್ತಿದ್ದಳು, ಫ್ರೆಡ್ಡಿ ಹಾಲಿನಲ್ಲಿ. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ಅವಳ ಮೂಗಿನ ಮೇಲೆ ಮಾಸ್ಕಿನ ಗಾಯ ಕಂಡೆ. ನಾನು ಕೆಳಗಿನ ಮೆಟ್ಟಿಲಲ್ಲಿ, ಅವಳು ಮೇಲಿನದರಲ್ಲಿ. ರಜೆ ಕೇಳಬಾರದೇ ಎಂದೆ. ಕೇಳಿದರೆ ಕೊಡುತ್ತಾರೆ, ಆದರೆ ತನ್ನ ಜಾಗಕ್ಕೆ ಹೋಗುವ ಹುಡುಗಿಗೆ ಮೊಲೆ ಕುಡಿಯುವ ಮಗುವಿದೆ ಎಂದಳು. ಅದನ್ನು ದೊಡ್ಡ ಮಾತಾಗಿ ಹೇಳಲಿಲ್ಲ. ಬೆನ್ನು ನೋಯುತ್ತದೆ ಎಂಬುದನ್ನೇ ಹೆಚ್ಚು ಸಲ ಹೇಳಿದಳು.

ಅವಳಿಗೆ ಜ್ವರ ಬಂದು ಆಸ್ಪತ್ರೆಗೆ ಕರೆದೊಯ್ದ ದಿನ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಅವಳ ಸಂದೇಶದಿಂದ. ಏದುಸಿರಿನ ನಡುವೆ ಹೀಗಿತ್ತು: "ಪ್ರಮೀಳಾ, ನಾನು ಅಕ್ಕಿ ನೆನೆ ಹಾಕಿದ್ದೆ. ಫ್ರೆಡ್ಡಿಗೆ ಅದೆಲ್ಲ ಗೊತ್ತಾಗುದಿಲ್ಲ. ನಾಳೆ ಚೆಲ್ಲಿ ಬಿಡ್ಲಿಕ್ಕೆ ಹೇಳು, ವಾಸನೆ ಬರ್ತದೆ."

ಮೇಲೆ ಹೋಗಿ ಮುಚ್ಚಿದ ಬಾಗಿಲಿನ ಹೊರಗಿನಿಂದಲೇ ಹೇಳಿದೆ. ಆಗಲಿ ಎಂದರು ಫ್ರೆಡ್ಡಿ. ಚೆಲ್ಲಲಿಲ್ಲ. ಅವಳು ಬಂದ ಮೇಲೆ ನೋಡೋಣ ಎಂದುಕೊಂಡಿದ್ದಿರಬೇಕು. ಅಕ್ಕಿ ಹುಳಿಯಿತು, ಕೊಳೆಯಿತು, ವಾಸನೆ ಮೆಟ್ಟಿಲಿಗೆ ಇಳಿಯಿತು. ಯಾರೋ ದೂರು ಕೊಟ್ಟರು. ಕಟ್ಟಡದವನು ಮೂರನೆಯ ಮಹಡಿಯಿಂದ ಕೆಳಗಿನವರೆಗೆ ಡೆಟಾಲ್ ಸುರಿದು ತೊಳೆದ. ಆ ನೀರು ನಮ್ಮ ಬಾಗಿಲ ಮುಂದೆ ಹರಿದು ಹೋಗುತ್ತಿದ್ದಾಗಲೇ ಫ್ರೆಡ್ಡಿ ಫೋನ್ ಮಾಡಿದರು. ಐರಿನ್ ಹೋದಳು ಎಂದರು. ಮತ್ತೆ, ನೀವು ಬಾಗಿಲು ತೆರೀಬೇಡಿ, ನಾನೂ ಟೆಸ್ಟಿಗೆ ಕೊಟ್ಟಿದ್ದೇನೆ ಎಂದರು.

ನಾನು ತೆರೆಯಲಿಲ್ಲ. ಮೇಜಿಗೆ ಮರಳಿ, ಅರ್ಧಕ್ಕೆ ಬಿಟ್ಟಿದ್ದ ಸಂಬಳದ ಲೆಕ್ಕ ಮುಗಿಸಿದೆ. ಒಂದು ತಪ್ಪೂ ಆಗಿರಲಿಲ್ಲ. ಅದು ಈಗಲೂ ನನಗೆ ವಿಚಿತ್ರವೆನಿಸುತ್ತದೆ.

ಮಣ್ಣು ಮಾಡುವಾಗ ಯಾರಿಗೂ ಹೋಗಲಾಗಲಿಲ್ಲ. ಫ್ರೆಡ್ಡಿಗೂ ಬಿಡಲಿಲ್ಲ, ಅವರ ಟೆಸ್ಟಿನ ಫಲಿತಾಂಶ ಬಂದಿರಲಿಲ್ಲ. ಆ ಸಂಜೆ ಎಲ್ಲರೂ ಫೋನಿನ ಪರದೆಯ ಮೇಲೆ ಸೇರಿ ಜಪಮಾಲೆಯ ಪ್ರಾರ್ಥನೆ ರೊಜಾರ್ ಹೇಳಿದೆವು. ಕೊಂಕಣಿ ಬಾರದವರೂ ನಮಾನ್ ಮೊರಿಯೆ ಎಂದು ಹಿಂದಿನಿಂದ ಹೇಳುತ್ತಿದ್ದೆವು, ಒಬ್ಬೊಬ್ಬರ ದನಿ ಒಂದೊಂದು ಕಡೆ ತಡವಾಗಿ. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ವಾರಿಜಕ್ಕನ ಚೌಕದಲ್ಲಿ ಅವಳ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಫೋನನ್ನು ಅಕ್ಕಿಯ ಡಬ್ಬಿಗೆ ಒರಗಿಸಿಟ್ಟು ಪಾತ್ರೆ ತೊಳೆಯುತ್ತಿದ್ದಳು.

ಅದರ ನಂತರ ವಾರಿಜಕ್ಕ ನನಗೆ ದಿನವೂ ಫೋನ್ ಮಾಡತೊಡಗಿದಳು. ಮಾತು ಎಲ್ಲೆಲ್ಲೋ ಸುತ್ತಿ ಅಲ್ಲಿಗೇ ಬರುತ್ತಿತ್ತು: ಕೊನೆಗೆ ಐರಿನ್ ಬಾಯಿಯ ಹತ್ತಿರ ಯಾರಾದರೂ ಇದ್ದರಾ? ಜೊತೆಯ ನರ್ಸುಗಳಿದ್ದರಂತೆ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಗುರುತಿನವರಾ? ಹೌದು, ಗುರುತಿನವರೇ. "ಹಾಗಾದ್ರೆ ಒಳ್ಳೇದಾಯ್ತು" ಎಂದು ಅವಳು ಫೋನ್ ಇಡುತ್ತಿದ್ದಳು. ಮರುದಿನ ಮತ್ತೆ ಅದೇ.

ಒಂದು ಬೆಳಿಗ್ಗೆ ಅವಳ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವಳಲ್ಲ, ಆ ಮನೆಯ ಹುಡುಗಿ. ಹುಟ್ಟಿದಾಗಿನಿಂದ ವಾರಿಜಕ್ಕ ಎತ್ತಿ ಆಡಿಸಿದ ಹುಡುಗಿ. ಆಗ ಕಾಲೇಜಿಗೆ ಹೋಗುತ್ತಿದ್ದಳು. ಇಂಗ್ಲಿಷಿನಲ್ಲಿ ಶುರು ಮಾಡಿ ಅರಬ್ಬಿಗೆ ಜಾರಿದಳು. ನನಗೆ ತಿಳಿದದ್ದು ಇಷ್ಟು: ವಾರಿಜಾ ಚಹಾ ತರಲಿಲ್ಲ, ಕೋಣೆಗೆ ಹೋಗಿ ನೋಡಿದರೆ ಏಳಲಿಲ್ಲ, ಆಂಬುಲೆನ್ಸಿನವರು ಬಂದು ಹೃದಯ ನಿಂತಿದೆ ಎಂದರು, ಖಲಾಸ್. ಹಿಂದೆ ಅವಳ ತಾಯಿ ಜೋರಾಗಿ ಅಳುವುದು ಕೇಳುತ್ತಿತ್ತು. ನಾನು ಹುಡುಗಿಗೆ ಸಮಾಧಾನ ಹೇಳಿದೆ. ನೀರು ಕುಡಿ ಎಂದೆ. ನನ್ನ ದನಿ ಸಮವಾಗಿಯೇ ಇತ್ತು.

ಊರಿಗೆ ಹೇಳುವ ಕೆಲಸ ನನಗೆ ಬಂತು. ಅಶ್ವಿನಿ ಆಗ ಕಿನ್ನಿಗೋಳಿಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿ ಮುಚ್ಚಿದ್ದರಿಂದ ಮನೆಯಲ್ಲೇ ಇದ್ದಳು. ಮೊದಲ ಸಲ ಸುದ್ದಿಯಷ್ಟೇ ಹೇಳಿದೆ. ಆಮೇಲೆ ನಾವು ಎಲ್ಲೆಲ್ಲಿ ವಿಚಾರಿಸಬೇಕೋ ಅಲ್ಲೆಲ್ಲ ವಿಚಾರಿಸಿದೆವು. ಕಾಯಿಲೆಯಿಂದ ಸತ್ತದ್ದಲ್ಲ, ಆದರೂ ಕಳಿಸಲು ವಿಮಾನವಿಲ್ಲ. ಸರಕಿನ ವಿಮಾನದಲ್ಲಿ ಆಗಬಹುದೆಂದು ಒಬ್ಬರು, ಆಗುವುದಿಲ್ಲವೆಂದು ಇನ್ನೊಬ್ಬರು. ಯಾವಾಗ ಎಂದು ಯಾರೂ ಹೇಳಲಿಲ್ಲ. ಶವಾಗಾರದಲ್ಲಿ ಜಾಗವಿಲ್ಲ, ಮನೆಯವರು ಬೇಗ ತೀರ್ಮಾನ ತಿಳಿಸಬೇಕು ಎಂದರು. ನಾನು ಅಶ್ವಿನಿಗೆ ಮತ್ತೆ ಫೋನ್ ಮಾಡಿದೆ.

"ಅಲ್ಲಿಯೇ ಸುಡ್ಲಿಕ್ಕೆ ಆಗುದಿಲ್ವಾ ಆಂಟಿ?"

"ಇಲ್ಲ ಮಗಾ. ಈ ದೇಶದಲ್ಲಿ ಸುಡುವ ಕ್ರಮ ಇಲ್ಲ. ಮಣ್ಣು ಮಾಡ್ಲಿಕ್ಕೆ ಮಾತ್ರ."

"ವಿಮಾನ ಶುರು ಆಗುವವರೆಗೆ ಅಮ್ಮ ಎಲ್ಲಿ ಇರ್ತಾಳೆ?"

"ಅದೇ, ತಂಪು ಮಾಡಿದ ಕೋಣೆಯಲ್ಲಿ."

ಆ ಕಡೆ ಮಳೆ ಬರುತ್ತಿತ್ತು, ಹೆಂಚಿನ ಮೇಲೆ ಬೀಳುವ ಸದ್ದು ಕೇಳುತ್ತಿತ್ತು.

"ಅಮ್ಮನಿಗೆ ಎ.ಸಿ. ಆಗುದಿಲ್ಲ ಆಂಟಿ" ಎಂದಳು. "ಮಣ್ಣು ಮಾಡಿ."

ಹಮೀದ್ ಭಾಯಿಗೆ ಕರ್ಫ್ಯೂವಿನಲ್ಲೂ ಗಾಡಿ ಓಡಿಸುವ ಪಾಸ್ ಇತ್ತು. ತಾನು ಹೋಗಿ ನಿಲ್ಲುತ್ತೇನೆ ಎಂದರು. ಯಾರೂ ಕೇಳುವ ಮೊದಲೇ ಹೇಳಿದರು. ಬೆಳಿಗ್ಗೆಯ ಹಂಚಿಕೆ ಮುಗಿಸಿ, ಹಾಗೆಯೇ ಗಾಡಿ ತೆಗೆದುಕೊಂಡು ಸ್ಮಶಾನಕ್ಕೆ ಹೋದರು. ಅಲ್ಲಿ ಮುಸ್ಲಿಮರಲ್ಲದವರಿಗೆ ಬೇರೆ ಭಾಗವಿದೆ. ದೂರದಲ್ಲಿ ನಿಲ್ಲಲು ಬಿಟ್ಟರಂತೆ. ಅಲ್ಲಿಂದ ನನಗೆ ಫೋನ್ ಮಾಡಿದರು. ಗಾಳಿಯ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.

"ಪ್ರಮೀಳಕ್ಕ, ಈಗ ಇಳಿಸ್ತಾರೆ. ನಿಮ್ಮಲ್ಲಿ ಏನು ಹೇಳುದು? ನನಗೆ ಗೊತ್ತಿಲ್ಲ, ನೀವು ಹೇಳಿ ಕೊಡಿ."

ನನಗೂ ಗೊತ್ತಿರಲಿಲ್ಲ. ಊರಿನಲ್ಲಿ ಇಂಥದ್ದನ್ನೆಲ್ಲ ಗಂಡಸರು, ಹಿರಿಯರು ಮಾಡುತ್ತಿದ್ದರು. ನಾವು ಹೆಂಗಸರು ಒಳಗಿರುತ್ತಿದ್ದೆವು. ಸಾಯುವವರ ಬಾಯಿಗೆ ನೀರು ಬಿಡುವುದೊಂದೇ ನೆನಪಿಗೆ ಬಂತು. ನೀರಿದೆಯೇ ಎಂದು ಕೇಳಿದೆ.

"ಗಾಡಿ ತುಂಬ ನೀರೇ ಅಲ್ವಾ."

"ಹಾಗಾದ್ರೆ ಅವಳ ಹೆಸರು ಹೇಳಿ ಸ್ವಲ್ಪ ನೀರು ಬಿಡಿ. ಸಾಕು."

ಮಣ್ಣು ಮುಚ್ಚಿ ಕೆಲಸದವರು ಆಚೆ ಹೋಗುವವರೆಗೆ ಅವರು ಕಾದರು. ಫೋನ್ ಕಿಸೆಯಲ್ಲಿತ್ತೆಂದು ಕಾಣುತ್ತದೆ, ಬಟ್ಟೆ ಉಜ್ಜುವ ಸದ್ದು. ಆಮೇಲೆ ವಾರಿಜಕ್ಕಾ ಎಂದು ಅವರು ಕರೆದದ್ದು ಕೇಳಿತು. ಬಾಗಿಲಲ್ಲಿ ನಿಂತು ಒಳಗಿನವರನ್ನು ಕರೆಯುವಂತೆ ಕರೆದರು. ನೀರು ಬಿಟ್ಟ ಸದ್ದು ಕೇಳಲಿಲ್ಲ. ಮರಳಿಗೆ ಬಿದ್ದ ನೀರಿಗೆ ಸದ್ದೆಲ್ಲಿ? ಮತ್ತೆ ಫೋನ್ ಕೈಗೆ ತೆಗೆದುಕೊಂಡು, ನನ್ನದೂ ಒಂದು ದುವಾ ಮಾಡಲಾ ಎಂದು ಕೇಳಿದರು. ಮಾಡಿ ಎಂದೆ.

ಕೆಲವು ದಿನ ಕಳೆದು ವಾರಿಜಕ್ಕನ ಅಣ್ಣ ಫೋನ್ ಮಾಡಿದರು. ನಮ್ಮ ತುಳುನಾಡಿನಲ್ಲಿ ಸತ್ತವರ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅವರನ್ನು ಹೊರಗಿನಿಂದ ಹೆಸರು ಹಿಡಿದು ಮನೆಯೊಳಗೆ ಕರೆಯುವ ಪದ್ಧತಿಯಿದೆ. ಕರೆಯುವವರೆಗೆ ಅವರು ಹೊರಗೇ ಇರುತ್ತಾರೆ ಎಂದು ನಂಬಿಕೆ. ಬೂದಿಯಿಲ್ಲ, ಮೂಳೆಯಿಲ್ಲ, ಹೇಗೆ ಕರೆಯುವುದು ಎಂದು ಅವರಿಗೆ ಚಿಂತೆ. ಕೊನೆಗೆ ಊರಿನ ಹಿರಿಯರೊಬ್ಬರು, ಅವಳಿಗೆ ತಾನು ಸತ್ತದ್ದು ತಿಳಿದಿರಲಿಕ್ಕಿಲ್ಲ, ಅಲ್ಲಿರುವ ಅವಳವರು ಯಾರಾದರೂ ಹೊರಡು ಎಂದು ಹೇಳಬೇಕು ಎಂದರಂತೆ. "ನೀವು ಹೇಳ್ತೀರಾ ಅಕ್ಕ? ಅವಳಿಗೆ ಅಲ್ಲಿ ಇನ್ನು ಯಾರು ಇದ್ದಾರೆ?" ಎಂದು ಕೇಳಿದರು.

ಬೊಜ್ಜದ ದಿನ ಮಧ್ಯಾಹ್ನಕ್ಕೆ ಮೊದಲು ನಾನು ಬಾಲ್ಕನಿಗೆ ಹೋದೆ. ಕಂಬಿ ಮುಟ್ಟಲಾಗದಷ್ಟು ಕಾದಿತ್ತು. ಅವಳಿದ್ದ ಸಲ್ವಾ ಯಾವ ದಿಕ್ಕಿಗೆ ಎಂದು ಮೊಬೈಲಿನಲ್ಲಿ ನೋಡಿಕೊಂಡೆ. ಬಾಳೆಲೆ ಇಲ್ಲ; ಸ್ಟೀಲ್ ತಟ್ಟೆಯಲ್ಲಿ ಅನ್ನ, ಒಂದು ಲೋಟ ನೀರು. ಎದುರಿನ ಕಟ್ಟಡದಲ್ಲಿ ಒಬ್ಬ ಬನಿಯನ್ ಹಾಕಿಕೊಂಡು ಸಿಗರೇಟು ಸೇದುತ್ತ ನನ್ನನ್ನೇ ನೋಡುತ್ತಿದ್ದ. ನಾಚಿಕೆಯೂ ಆಗಲಿಲ್ಲ.

"ವಾರಿಜಕ್ಕಾ, ಇಲ್ಲಡೆ ಪೋಲೆ" ಎಂದೆ. ಮನೆಗೆ ಹೋಗಿ. "ಮಗಳ್ ಕಾತೊಂದುಲ್ಲಳ್." ಮಗಳು ಕಾಯುತ್ತಿದ್ದಾಳೆ.

ನೇಹಾ ಬಾಗಿಲಲ್ಲಿ ನಿಂತಿದ್ದಳು. ಹೂ ಆರ್ ಯೂ ಟಾಕಿಂಗ್ ಟು, ಅಮ್ಮಾ ಎಂದಳು. ವಾರಿಜ ಆಂಟಿಯ ಹತ್ತಿರ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅಶ್ವಿನಿಯ ಫೋನ್ ಬಂತು. ಕರೆದೆವು, ಒಳಗೆ ಬಂದಳು ಎಂದಳು. ಅದನ್ನು ಹೇಳುವಾಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ತಟ್ಟೆಯ ಅನ್ನವನ್ನು ಪಾರಿವಾಳಗಳಿಗೆ ಹಾಕಿ, ತಟ್ಟೆ ತೊಳೆದಿಟ್ಟೆ.

ಬೇಲಿ ತೆಗೆದ ಮೇಲೆ, ಸೆಖೆ ಕಡಿಮೆಯಾದ ಮೇಲೆ, ಫ್ರೆಡ್ಡಿ ನಮ್ಮ ಮನೆಯ ಬಾಗಿಲು ತಟ್ಟಿದರು. ಅವರ ಕಂಪನಿ ಮುಚ್ಚಿತ್ತು. ಇಲ್ಲಿರಲು ಬೇಕಾದ ಇಕಾಮಾ ಮುಗಿಯುವುದರೊಳಗೆ ದೇಶ ಬಿಡಬೇಕಿತ್ತು. ವಿಮಾನ ಶುರುವಾಗಿತ್ತು. ಒಳಗೆ ಬರಲಿಲ್ಲ. ಹೋಗುವ ಮೊದಲು ಒಮ್ಮೆ ಅವಳನ್ನು ನೋಡಬೇಕು, ನೀವು ಜೊತೆಗೆ ಬರುತ್ತೀರಾ ಎಂದು ಕೇಳಿದರು. ಹಮೀದ್ ಭಾಯಿ ತಮ್ಮ ಗಾಡಿಯಲ್ಲಿ ಕರೆದೊಯ್ದರು. ಝುಬೈದಾ ಮತ್ತು ನಾನು ಹಿಂದೆ ಕುಳಿತೆವು.

ಮರಳು, ಸಾಲಾಗಿ ಸಣ್ಣ ದಿಬ್ಬಗಳು. ಐರಿನ್ ಬಾಯಿಯ ದಿಬ್ಬವನ್ನು ಹುಡುಕಲು ಹೊತ್ತು ಹಿಡಿಯಿತು. ಫ್ರೆಡ್ಡಿ ಮೊಣಕಾಲೂರಿ ಪ್ರಾರ್ಥಿಸಿದರು. ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡು, ವಾರಿಜಾ ಎಲ್ಲಿ ಎಂದು ಕೇಳಿದರು. ಹಮೀದ್ ಭಾಯಿ ತೋರಿಸಿದರು. ಅಲ್ಲಿಯೂ ಶಿಲುಬೆಯ ಗುರುತು ಮಾಡಿ ನಿಂತರು. ಹಿಂದಿರುಗುವ ದಾರಿಯಲ್ಲಿ ಒಂದೇ ಮಾತು ಆಡಿದರು. "ಮೂವತ್ತು ವರ್ಷ ಒಟ್ಟಿಗೆ ಈ ದೇಶದಲ್ಲಿದ್ದೆವು. ಈಗ ನಾನು ಮಾತ್ರ ಹೋಗ್ತೇನೆ. ನೀವು ಆಗಾಗ ಒಮ್ಮೆ ಬಂದು ಅವಳ ಹತ್ರ ಮಾತಾಡಿ. ಅವಳಿಗೆ ಮಾತು ಬೇಕು." ಝುಬೈದಾ ಆಯ್ತು ಎಂದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅವರು ಹೋದ ಮೇಲೆ ಕೂಟವನ್ನು ನಿಲ್ಲಿಸಿಬಿಡೋಣ ಎಂದು ನಾನೇ ಹೇಳಿದೆ. ಝುಬೈದಾ ಒಪ್ಪಲಿಲ್ಲ. ಊರಿನಲ್ಲಿ ಐರಿನ್ ಬಾಯಿಗೂ ವಾರಿಜಕ್ಕನಿಗೂ ಮನೆಯವರಿದ್ದಾರೆ, ಇಲ್ಲಿ ನಾವೇ ಅಲ್ಲವೇ ಮನೆಯವರು ಎಂದಳು. ಹಾಗಾಗಿ ನಡೆದುಕೊಂಡು ಬಂದಿದೆ, ಈಗ ಸಾಲ್ಮಿಯಾದ ನಮ್ಮ ಮನೆಯಲ್ಲಿ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ನಾವಿಬ್ಬರೂ ಬೆಳಿಗ್ಗೆ ಸ್ಮಶಾನದ ಮರಳಿಗೆ ಹೋಗಿ ಬರುತ್ತೇವೆ. ಝುಬೈದಾ ಮಾತಾಡುತ್ತಾಳೆ: ಯಾರಿಗೆ ಮಗುವಾಯಿತು, ಟೊಮೆಟೊಗೆ ಎಷ್ಟು ರೇಟು, ಎಲ್ಲ. ನಾನು ನಿಂತಿರುತ್ತೇನೆ. ಮಧ್ಯಾಹ್ನ ಎಲ್ಲರೂ ಸೇರಿದಾಗ ಊಟಕ್ಕೆ ಮೊದಲು ಇಬ್ಬರ ಹೆಸರು ಹೇಳಿ ಒಂದು ಗಳಿಗೆ ಮೌನ. ಹೊಸಬರು ಹೆಚ್ಚಾಗಿದ್ದಾರೆ, ಅವರಿಗೆ ಇವೆರಡೂ ಬರೀ ಹೆಸರು. ಅದರಲ್ಲಿ ಅವರ ತಪ್ಪೇನಿಲ್ಲ.

ಈ ಸಲವೂ, ಆ ಮಲ್ಲಿಗೆ ತಂದ ಮರುದಿನ, ಹೆಸರು ಹೇಳಿದೆ, ಮೌನವಾಯಿತು. ಮುಗಿಯಿತೆಂದು ನಾನು ಎದ್ದೇಳುವಷ್ಟರಲ್ಲಿ ಸೌಮ್ಯಾ ಎಂಬ ಹುಡುಗಿ ಕೈಯೆತ್ತಿದಳು. ಕಳೆದ ವರ್ಷ ಬಂದವಳು, ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್.

"ಆಂಟಿ, ನನ್ನದೊಂದು ಹೆಸರು ಹೇಳಬಹುದಾ? ನಮ್ಮ ಕೂಟದವರಲ್ಲ."

ಹೇಳು ಎಂದೆ.

ಊರಿನ ಹಾಸ್ಟೆಲಿನಲ್ಲಿ ಅವಳ ಜೊತೆ ಓದಿದ ಹುಡುಗಿ. ಅದೇ ಕಾಯಿಲೆ, ಅದೇ ವರ್ಷ. ಹೆಸರು ಹೇಳಿ ಸೌಮ್ಯಾ ತಲೆ ತಗ್ಗಿಸಿದಳು. ಅವಳ ಪಕ್ಕದವಳು ತನ್ನ ತಂದೆಯ ಹೆಸರು ಹೇಳಿದಳು. ಆ ಬೇಸಿಗೆ ಅವರು ಕುಂದಾಪುರದಲ್ಲಿ ತೀರಿಕೊಂಡಾಗ ಇವಳಿಗೆ ಹೋಗಲಾಗಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬಳು, ತನ್ನ ಮಹಡಿಯಲ್ಲಿದ್ದ ಆಂಧ್ರದ ಹೆಂಗಸಿನ ಹೆಸರು ಹೇಳಿದಳು. ಪೂರ್ತಿ ಹೆಸರು ಗೊತ್ತಿಲ್ಲ, ಲಕ್ಷ್ಮಿ ಎಂದಷ್ಟೇ ಗೊತ್ತು, ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ ಎಂದಳು. ಹೆಸರುಗಳು ಹಾಲಿನ ಆ ಬದಿಯಿಂದ ಈ ಬದಿಗೆ ಬರುತ್ತಲೇ ಇದ್ದವು. ಕೆಲವರು ಎರಡು ಹೇಳಿದರು. ಯಾರೋ ಕಿಟಕಿಯ ಪರದೆ ಸರಿಸಿದರು. ಸಮುದ್ರದ ಬೆಳಕು ಒಳಗೆ ಬಂತು. ಝುಬೈದಾ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬಿಸಿಯಾಗಿತ್ತು, ಒದ್ದೆಯಾಗಿತ್ತು. ಇಷ್ಟು ವರ್ಷಗಳ ಮೇಲೆ ನನಗೆ ಅದು ಸ್ಪಷ್ಟವಾಗಿ ತಿಳಿಯಿತು.

ಬಿರಿಯಾನಿ ತಣ್ಣಗಾಗುತ್ತಿತ್ತು. ಯಾರೂ ಏಳಲಿಲ್ಲ.